ನಾನೂರ ಹದಿನೇಳು ಎಲ್ಲೋಯ್ತು: ಗಾರ್ಮೆಂಟ್ಸ್ ಅಕ್ಕಂದಿರ ಜೊತೆ ಹಾಡಿನ ನಾಟಕ ಕಟ್ಟಿದ ನನ್ನ ಅನುಭವ

ನಮ್ಮ ನಾಟಕಕ್ಕೆ ಮೊದಲು ಬರೆದಿದ್ದು ಡೈಲಾಗ್ ಅಲ್ಲ, ಒಂದು ದಿನಸಿ ಲೆಕ್ಕ. 2021ರ ಜನವರಿ, ಭಾನುವಾರ ಸಂಜೆ, ಬೊಮ್ಮನಹಳ್ಳಿ ಹತ್ರ ಒಂದು ವಠಾರದ ಟೆರೇಸ್ ಮೇಲೆ ಹನ್ನೊಂದು ಜನ ಹೆಂಗಸರು ಕೂತಿದ್ರು, ಎಲ್ರೂ ಗಾರ್ಮೆಂಟ್ಸಲ್ಲಿ ಕೆಲಸ ಮಾಡೋರು, ಕೆಲವ್ರು ಟೈಲರು, ಇಬ್ರು ಚೆಕಿಂಗು, ಮೂರು ಜನ ಹೆಲ್ಪರು. ನಾನು ಒಂದೇ ಪ್ರಶ್ನೆ ಕೇಳ್ದೆ, ಆ ನಾನೂರ ಹದಿನೇಳು ರೂಪಾಯಿ ಪ್ರತಿ ತಿಂಗಳು ಕೈಗೆ ಬಂದಿದ್ರೆ ಏನ್ ತರ್ತಿದ್ರಿ ಅಂತ. ಮೂಲೇಲಿ ಕೂತಿದ್ದ ಚೆಕಿಂಗ್ ಅಕ್ಕ ಯೋಚ್ನೆನೇ ಮಾಡ್ದೆ ಬೆರಳು ಮಡಚ್ತಾ ಹೇಳಿದ್ರು: ಬೇಳೆ ಎರಡು ಕೇಜಿ, ಎಣ್ಣೆ ಒಂದು ಲೀಟ್ರು, ಮಗೀಗೆ ನೋಟ್‌ಬುಕ್ ಎರಡು, ಇನ್ನು ಉಳಿಯೋದು ಅನ್ನೆರಡು ರೂಪಾಯಿ, ಅದ್ರಲ್ಲಿ ನಾನೊಂದು ಟೀ ಕುಡೀತೀನಿ. ಆ ಕೊನೇ ಟೀ ಮಾತು ಕೇಳಿ ಎಲ್ರೂ ಒಂದ್ಸಲ ಸುಮ್ನಾದ್ರು. ನಾನು ಅದನ್ನ ಹಂಗೇ ಬರ್ಕೊಂಡೆ, ನಮ್ಮ ನಾಟಕದ ಹಾಡು ಅಲ್ಲಿಂದ ಶುರುವಾಯ್ತು.

ಈ 417 ರೂಪಾಯಿ ಏನು ಅಂತ ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. ಕನಿಷ್ಠ ವೇತನದ ಜೊತೆ ಪ್ರತಿ ವರ್ಷ ಏಪ್ರಿಲಲ್ಲಿ ತುಟ್ಟಿಭತ್ಯೆ ಏರುತ್ತೆ, ಬೆಲೆ ಎಷ್ಟು ಏರಿದೆ ಅನ್ನೋ ಲೆಕ್ಕದ ಮೇಲೆ, ಅಕ್ಕಂದಿರು ಅದನ್ನ ಡಿಎ ಅಂತಾರೆ. 2020ರ ಏಪ್ರಿಲಿಂದ ಅದು ತಿಂಗಳಿಗೆ 417 ರೂಪಾಯಿ ಚಿಲ್ಲರೆ ಜಾಸ್ತಿ ಆಗಬೇಕಿತ್ತು. ಲಾಕ್‌ಡೌನ್ ಬಂತು, ಫಾರಿನ್ ಆರ್ಡರೆಲ್ಲ ಕ್ಯಾನ್ಸಲ್, ಮಾಲೀಕರು ಆಗಲ್ಲ ಅಂದ್ರು, ಸರ್ಕಾರ ಆದೇಶ ಹೊರಡಿಸಿ 2021ರ ಮಾರ್ಚ್ ಕೊನೆವರೆಗೆ ಅದನ್ನ ಮುಂದಕ್ಕೆ ಹಾಕ್ತು, 2020ರ ಸೆಪ್ಟೆಂಬರಲ್ಲೇ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು, ಆದ್ರೂ ದುಡ್ಡು ಬಹಳಷ್ಟು ಜನರ ಕೈಗೆ ಬರ್ಲೇ ಇಲ್ಲ. ಆಗ ತಿಂಗಳಿಗೆ ಒಂಬತ್ತು ಸಾವಿರದ ಆಸುಪಾಸು ಸಂಬಳ ತಗೊಳ್ತಿದ್ದ ಮನೇಲಿ ನಾನೂರು ಅಂದ್ರೆ ಏನು ಅಂತ ನನಗೆ ಯಾರೂ ವಿವರಿಸಬೇಕಿರಲಿಲ್ಲ, ಯಾಕಂದ್ರೆ ನಮ್ಮಮ್ಮನೂ ಹದಿನೇಳು ವರ್ಷ ಟೈಲರಾಗಿ ಕೆಲಸ ಮಾಡಿದೋರೇ. ಸಂಬಳದ ದಿನ ರಾತ್ರಿ ಅಮ್ಮ ದುಡ್ಡನ್ನ ಬಾಡಿಗೆ, ಚೀಟಿ, ಸ್ಕೂಲ್ ಫೀಸು ಅಂತ ಬೇರೆ ಬೇರೆ ಡಬ್ಬಿಗೆ ಹಾಕೋದು ನೋಡ್ಕೊಂಡೇ ನಾನು ಬೆಳೆದಿದ್ದು.

2016ರ ಏಪ್ರಿಲಲ್ಲಿ ಪಿಎಫ್ ದುಡ್ಡನ್ನ 58 ವರ್ಷ ಆಗೋವರೆಗೆ ಪೂರ್ತಿ ತೆಗೆಯಂಗಿಲ್ಲ ಅನ್ನೋ ರೂಲ್ ವಿರುದ್ಧ ಹೊಸೂರು ರೋಡಲ್ಲಿ ಸಾವಿರಾರು ಹೆಂಗಸರು ಕೂತ್ರಲ್ಲ, ಅಮ್ಮ ಅದ್ರಲ್ಲಿದ್ರು. ಯಾವ ಲೀಡರೂ ಕರೆದಿರಲಿಲ್ಲ, ಒಂದು ಫ್ಯಾಕ್ಟರಿಯಿಂದ ಹೊರಗೆ ಬಂದೋರು ಇನ್ನೊಂದು ಫ್ಯಾಕ್ಟರಿ ಗೇಟ್ ಮುಂದೆ ಹೋಗಿ ಕೂಗಿದ್ರು, ಅಷ್ಟೇ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ರೂಲ್ ವಾಪಸ್ ತಗೊಳ್ತು. ಅವತ್ತು ರಾತ್ರಿ ಅಮ್ಮನ ಗಂಟಲು ಪೂರ್ತಿ ಕೂತೋಗಿತ್ತು, ಬಿಸಿನೀರು ಕುಡೀತಾ ಸನ್ನೇಲೇ ಮಾತಾಡ್ತಿದ್ರು. ಮಾರನೇ ದಿನದ ಪೇಪರಲ್ಲಿ ದೊಡ್ಡ ದೊಡ್ಡ ಫೋಟೋ ಇತ್ತು, ಟ್ರಾಫಿಕ್ ಜಾಮ್ ಎಷ್ಟಾಯ್ತು ಅಂತ ಇತ್ತು, ಆದ್ರೆ ಆ ಹೆಂಗಸರು ಏನಂದ್ರು ಅಂತ ಹುಡುಕಿದ್ರೆ ಎರಡು ಸಾಲು ಸಿಗೋದು ಕಷ್ಟ ಆಯ್ತು. ಇದು ನನ್ನ ತಲೇಲಿ ಉಳ್ಕೊಂಡ್ಬಿಡ್ತು.

ನಾನು ಬೀದಿ ನಾಟಕ ಕಲಿತವಳು. ಕರ್ನಾಟಕದಲ್ಲಿ ಅದಕ್ಕೆ ದೊಡ್ಡ ಪರಂಪರೆನೇ ಇದೆ, 1975ರಲ್ಲಿ ‘ಸಮುದಾಯ’ ಅನ್ನೋ ನಾಟಕ ತಂಡ ಶುರುವಾಗಿ ಆಮೇಲೆ ಊರೂರಿಗೆ ಜಾಥಾ ಹೋಗಿದ್ದು, ಹಳ್ಳಿ ಕಟ್ಟೆ ಮೇಲೆ ನಾಟಕ ಮಾಡಿದ್ದು, ಅದನ್ನೆಲ್ಲ ಕೇಳ್ಕೊಂಡು ಬೆಳೆದ ನಂತರದ ತಲೆಮಾರು ನಮ್ದು. ಹೋರಾಟದ ಹಾಡುಗಳು ನನಗೆ ಬಾಯಿಪಾಠ. ಅದಕ್ಕೇ ಮೊದಲ ಎರಡು ಭಾನುವಾರ ನಾನು ಮನೇಲಿ ಬರ್ಕೊಂಡು ಹೋದ ಹಾಡನ್ನೇ ಹೇಳ್ಕೊಟ್ಟೆ, ಏಳಿ, ಎದ್ದೇಳಿ, ಸಂಕೋಲೆ, ಕಿಡಿ, ಬೆಂಕಿ, ಇಂಥವೇ ಪದಗಳು. ಅವ್ರು ಪಾಪ ಹಾಡಿದ್ರು, ಸ್ಕೂಲಲ್ಲಿ ಪ್ರಾರ್ಥನೆ ಹೇಳ್ದಂಗೆ, ಕಣ್ಣು ನೆಲದ ಮೇಲೆ. ಸಂಕೋಲೆ ಅಂದ್ರೆ ಏನು ಮೇಡಂ ಅಂತ ಒಬ್ರು ಕೇಳಿದ್ರು. ನಾನು ಅರ್ಥ ಹೇಳ್ದೆ. ಅವ್ರು, ಓ, ಸರಪಳಿನಾ, ನಮ್ಗೆ ಸರಪಳಿ ಯಾರೂ ಹಾಕಿಲ್ಲ ಮೇಡಂ, ನಮ್ಗೆ ಟೋಕನ್ ಕೊಡ್ತಾರೆ ಅಂದ್ರು. ಬಾತ್ರೂಮಿಗೆ ಹೋಗೋಕೆ ಲೈನಿಗೆ ಒಂದೋ ಎರಡೋ ಟೋಕನ್ ಇರುತ್ತೆ, ಒಬ್ರು ತಗೊಂಡು ಹೋದ್ರೆ ಅವ್ರು ವಾಪಸ್ ಬರೋ ತನಕ ಇನ್ನೊಬ್ರು ಹೋಗಂಗಿಲ್ಲ, ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಅಂತ. ಆ ಸಂಜೆ ನಾನು ಬರೆದಿದ್ದೆಲ್ಲ ಬದಿಗಿಟ್ಟೆ.

ಅದಾದ್ಮೇಲೆ ನಾವು ಮಾಡಿದ್ದು ಬರೀ ಕೇಳೋದು. ಮೊದ್ಲು ಶಬ್ದ. ಫ್ಯಾಕ್ಟರಿ ಒಳಗೆ ಏನ್ ಕೇಳ್ಸುತ್ತೆ ಅಂತ ಕೇಳ್ದೆ, ಕಾಲರ್ ಹೊಲಿಯೋ ಅಕ್ಕ ಬಾಯಲ್ಲೇ ಮಷೀನ್ ಓಡ್ಸಿದ್ರು, ಝರ್ರ್ ಅಂತ ಉದ್ದ ಒಂದು ಹೊಲಿಗೆ, ಮೂಲೆ ಬಂತು, ಬಟ್ಟೆ ತಿರುಗಿಸಿ ಚಿಕ್ಕ ಝರ್, ಆಮೇಲೆ ನೂಲು ಕತ್ತರಿಸೋ ಟಕ್. ಎಣಿಸಿ ನೋಡಿದ್ರೆ ಉದ್ದದ್ದು ನಾಲ್ಕು, ಚಿಕ್ಕದು ಎರಡು, ಟಕ್ ಒಂದು, ಒಟ್ಟು ಏಳು ಮಾತ್ರೆ! ಮೂರು ನಾಲ್ಕು ಅಂತ ಎಣಿಸೋ ಮಿಶ್ರ ಛಾಪು ತಾಳನ ತಿರುಗಿಸಿ ಹಾಕ್ದಂಗೆ, ನಾಲ್ಕು ಮೂರು. ಗಂಟೆಗೆ ಎಂಬತ್ತು ತೊಂಬತ್ತು ಪೀಸ್ ಟಾರ್ಗೆಟ್ ಅಂದ್ರೆ ದಿನಕ್ಕೆ ಎಷ್ಟು ಸಲ ಈ ತಾಳ ಅವರ ಕಾಲು ಕೈ ಹಾಕಿರುತ್ತೆ ಯೋಚ್ನೆ ಮಾಡಿ, ನಾನು ತಾಳ ಹೇಳ್ಕೊಡೋ ಅವಶ್ಯಕತೆನೇ ಇರ್ಲಿಲ್ಲ. ನಾಟಕದ ಶುರುವಿಗೆ ಮಾತೇ ಇಲ್ಲ, ಎಂಟು ಜನ ಕುಕ್ಕರುಗಾಲಲ್ಲಿ ಕೂತು ಬಾಯಲ್ಲಿ ಮಷೀನ್ ಶಬ್ದ ಮಾಡ್ತಾರೆ, ಒಬ್ರು ಟ್ರಿಮ್ಮರ್ ಕತ್ರಿಯಿಂದ ಟಕ್ ಅಂತಾರೆ, ಇನ್ನೊಬ್ರು ಸ್ಟೀಲ್ ಸ್ಕೇಲಿಂದ ಮೇಜು ಕುಟ್ತಾರೆ, ಸೂಪರ್‌ವೈಸರ್ ಕುಟ್ಟೋ ಥರ. ನಿಧಾನಕ್ಕೆ ಶುರುವಾಗಿ ಸ್ಪೀಡ್ ಏರ್ತಾ ಹೋಗುತ್ತೆ, ಯಾರೋ ಒಬ್ರಿಗೆ ತಪ್ಪುತ್ತೆ, ಎಲ್ಲ ನಿಲ್ಲುತ್ತೆ. ಆ ನಿಂತ ಜಾಗದಲ್ಲಿ ಮೊದಲ ಹಾಡು.

ಶ್ರುತಿ ವಿಷ್ಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಇಂಥ ಕೆಲಸ ಮಾಡೋ ಗೆಳತಿಯರಿಗೆ ಉಪಯೋಗ ಆಗ್ಬಹುದು. ನಾನು ಅಭ್ಯಾಸಬಲದಿಂದ ಹಾರ್ಮೋನಿಯಂ ಬಿಳಿ ನಾಲ್ಕಕ್ಕೆ, ಅಂದ್ರೆ ನಾಲ್ಕನೇ ಬಿಳಿ ಮನೆಯ ಶ್ರುತಿಗೆ ಇಟ್ಟಿದ್ದೆ, ಬಯಲಲ್ಲಿ ಹಾಡೋ ಹಾಡು ಅಲ್ವಾ, ಏರು ದನಿ ಬೇಕು ಅಂತ. ಮೇಲಿನ ಸ್ವರಕ್ಕೆ ಹೋದಾಗೆಲ್ಲ ಅವ್ರಿಗೆ ಕೆಮ್ಮು. ದಿನಪೂರ್ತಿ ಬಟ್ಟೆ ಧೂಳು ಕುಡಿದ ಗಂಟಲು, ಮಷೀನ್ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿ ಒಡೆದ ದನಿ. ಕರಿ ಒಂದಕ್ಕೆ, ಅಂದ್ರೆ ಮೊದಲ ಕಪ್ಪು ಮನೆಗೆ ಇಳಿಸ್ದೆ. ಇಳಿಸಿದ ತಕ್ಷಣ ದಪ್ಪ, ಒರಟು, ಭೂಮಿಯಿಂದ ಬಂದಂಥ ಒಂದು ದನಿ ಹೊರಗೆ ಬಂತು, ಬೀಸೋ ಕಲ್ಲಿನ ಪದ ಹೇಳೋ ಅಜ್ಜಿಯರ ದನಿ ಅದು. ಬೀಸೋ ಪದ, ಕುಟ್ಟೋ ಪದ ಎಲ್ಲ ಕೆಲಸದ ಜೊತೆ ಹುಟ್ಟಿದ ಹೆಂಗಸರ ಹಾಡೇ ತಾನೇ, ಅವು ಯಾವತ್ತೂ ಚೀರಲ್ಲ, ಅಷ್ಟೊತ್ತು ಹಾಡ್ಬೇಕಲ್ಲ. ಅವತ್ತಿಂದ ಹಾರ್ಮೋನಿಯಂ ಮನೇಲೇ ಬಿಟ್ಟೆ, ಯಾರು ಮೊದ್ಲು ಎತ್ತುತಾರೋ ಅವ್ರದ್ದೇ ಶ್ರುತಿ.

ಇನ್ನು ನನ್ನಿಂದ ಆದ ಒಂದು ತಪ್ಪು. ದಿನಸಿ ಲೆಕ್ಕದ ಹಾಡು ಹೀಗೆ ಕಟ್ಟಿದ್ವಿ:

ನಾನೂರ ಹದಿನೇಳು ಎಲ್ಲೋಯ್ತು
ಬೇಳೆ ಎರಡು ಕೇಜಿ ಎಲ್ಲೋಯ್ತು
ಎಣ್ಣೆ ಒಂದು ಲೀಟ್ರು ಎಲ್ಲೋಯ್ತು
ಉಳಿದ ಅನ್ನೆರಡ್ರ ಟೀ ಎಲ್ಲೋಯ್ತು

ಚೆಕಿಂಗ್ ಅಕ್ಕ ಹಾಡೋವಾಗ ಅನ್ನೆರಡು ಅಂತಿದ್ರು, ನಾನು ಪ್ರತಿ ಸಲ ನಿಲ್ಸಿ, ಅಕ್ಕ, ಹನ್ನೆರಡು, ಹ, ಹನ್ನೆರಡು, ಅಂತ ತಿದ್ದುತ್ತಿದ್ದೆ. ನಾಟಕದ ತರಬೇತಿಲಿ ನನಗೆ ಹೇಳ್ಕೊಟ್ಟಿದ್ದೇ ಅದು, ಉಚ್ಚಾರ ಸ್ಪಷ್ಟ ಇರ್ಬೇಕು ಅಂತ. ನಾಲ್ಕನೇ ಸಲ ತಿದ್ದಿದಾಗ ಅವ್ರು ಸೆರಗು ಸರಿ ಮಾಡ್ಕೊಂಡು ಹಿಂದೆ ಹೋಗಿ ಕೂತ್ರು. ಮುಂದಿನ ಭಾನುವಾರ ಬರ್ಲಿಲ್ಲ, ಅದರ ಮುಂದಿನ ವಾರನೂ ಇಲ್ಲ. ಮನೆಗೆ ಹೋದೆ. ಅಕ್ಕಿ ಆರಿಸ್ತಾ ಕೂತಿದ್ರು, ಕೋಪ ಏನೂ ಇರ್ಲಿಲ್ಲ, ಮೆಲ್ಲಗೆ ಅಂದ್ರು, ಅಲ್ಲೂ ದಿನಾ ಪೀಸ್ ರಿಜೆಕ್ಟ್ ಮಾಡ್ತಾರೆ ಮೇಡಂ, ಇಲ್ಲೂ ರಿಜೆಕ್ಟ್ ಅಂದ್ರೆ ಯಾಕ್ ಬರ್ಲಿ ನಾನು. ನನಗೆ ಏನೂ ಹೇಳೋಕೆ ಬಾಯೇ ಬರ್ಲಿಲ್ಲ. ಕ್ಷಮೆ ಕೇಳ್ದೆ. ನಮ್ಮಮ್ಮನೂ ಅನ್ನೆರಡು ಅಂತಾನೇ ಅನ್ನೋದು, ಆ ಮನೇಲಿ ಹುಟ್ಟಿ ನಾನು ಇದನ್ನ ತಿದ್ದೋಕೆ ಹೋಗಿದ್ದೆ.

ಅವ್ರು ವಾಪಸ್ ಬಂದು ಹಾಡಿದಾಗ ಸರಿಯಾಗಿ ಕಿವಿಗೊಟ್ಟು ಕೇಳ್ದೆ, ಹ ಅಂದ್ರೆ ಅಲ್ಲಿ ಉಸಿರು ಸೋರಿಹೋಗುತ್ತೆ, ಅ ಅಂದ್ರೆ ದನಿ ನೇರವಾಗಿ ಸ್ವರದ ಮೇಲೆ ಬಂದು ಬೀಳುತ್ತೆ, ಬೀದಿ ಸದ್ದಲ್ಲಿ ದೂರ ಹೋಗೋದು ಅದೇ. ಅಲ್ಲದೆ ಎಲ್ಲೋಯ್ತು ಅನ್ನೋದ್ರಲ್ಲಿ ಹ ಎಲ್ಲಿತ್ತು, ಅದನ್ನ ನಾನೇ ಬರೆದಿದ್ದೆನಲ್ಲ. ಆಮೇಲೆ ಈ ಹಾಡಿನಲ್ಲಿ ಎಲ್ರೂ ಅವರವರ ನುಡೀಲೇ ಹಾಡೋದು ಅಂತಾಯ್ತು. ಬಾಗಲಕೋಟೆ ಕಡೆಯ ಅಕ್ಕ ಎಲ್ಲಿ ಹೋತು ಅಂದ್ರು, ಗಡಿ ಆಚೆಯಿಂದ ಬಂದ ತೆಲುಗು ಮಾತಿನ ಹುಡುಗಿ ಯಾಡ ಪೋಯೆ ಅಂದ್ಳು. ಬಾಗಲಕೋಟೆ ಅಕ್ಕಂಗೆ ಗೀಗೀ ಪದ ಗೊತ್ತಿತ್ತು, ಮುಂದೆ ಒಬ್ರು ಸಾಲು ಎತ್ತೋದು, ಹಿಂದೆ ಇಬ್ರು ಗೀಯ ಗಾಗೀಯ ಅಂತ ಹಿಡಿಯೋದು, ಜೊತೆಗೆ ಡಪ್ಪು, ಒಂದೇ ತಂತಿಯ ತುಂತುಣಿ. ನಮ್ ಹತ್ರ ತುಂತುಣಿ ಇರ್ಲಿಲ್ಲ, ಡಪ್ಪು ಒಂದು ಸಿಕ್ತು. ಹಿಂದಿನಿಂದ ಹಿಡಿಯೋ ದನಿ ಇರೋದ್ರಿಂದ ಮುಂದಿನೋರಿಗೆ ಉಸಿರು ತಗೊಳ್ಳೋಕೆ ಟೈಮ್ ಸಿಗುತ್ತೆ, ಹಾಡು ಮರ್ತೋದ್ರೂ ಹಿಂದಿನೋರು ಕೈಬಿಡಲ್ಲ, ಅನುಭವ ಇಲ್ದೇ ಇರೋ ಗಾಯಕಿಯರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ನನಗೆ ಗೊತ್ತಿಲ್ಲ.

ಏಪ್ರಿಲಲ್ಲಿ ಎರಡನೇ ಅಲೆ ಬಂತು, ಎಲ್ಲ ನಿಂತೋಯ್ತು. ಇಬ್ರು ಊರಿಗೆ ಹೋದೋರು ವಾಪಸ್ ಬರ್ಲೇ ಇಲ್ಲ. ಒಬ್ರು ಗಂಡನ್ನ ಕಳ್ಕೊಂಡ್ರು. ಆಗಸ್ಟಲ್ಲಿ ಮತ್ತೆ ಸೇರಿದಾಗ ಎಂಟು ಜನ.

ಸೂಪರ್‌ವೈಸರ್ ಪಾರ್ಟ್ ಮಾಡೋಕೆ ಯಾರೂ ಒಪ್ಪಲಿಲ್ಲ, ಗಂಡಸರನ್ನ ಕರ್ಕೊಂಡ್ ಬನ್ನಿ ಮೇಡಂ ಅಂದ್ರು. 1958ರಲ್ಲೇ ಆರ್. ನಾಗರತ್ನಮ್ಮ ಅವ್ರು ಹೆಂಗಸರದ್ದೇ ನಾಟಕ ಕಂಪನಿ ಕಟ್ಟಿ, ತಾವೇ ಕಂಸನ ಪಾರ್ಟ್ ಮಾಡಿದ್ದು ಹೇಳ್ದೆ. ಹೆಂಗಸು ಕಂಸನಾ ಅಂತ ಹೆಲ್ಪರ್ ಹುಡುಗಿಗೆ ಆಶ್ಚರ್ಯ, ಇಪ್ಪತ್ತೆರಡು ವರ್ಷದೋಳು, ಅವ್ಳೇ ಎದ್ದು ನಿಂತ್ಳು. ಸ್ಕೇಲ್ ಕೈಗೆ ತಗೊಂಡು ನಡೆದು ಬಂದ ರೀತಿಗೆ ಎಲ್ರೂ ಬೆಚ್ಚಿಬಿದ್ರು, ಅಷ್ಟು ಕರೆಕ್ಟು. ಬೈಯ್ತಾ ಬೈಯ್ತಾ ಅವಳೇ ನಿಲ್ಸಿ ಅಂದ್ಳು, ಅಕ್ಕ, ಇವ್ನಿಗೂ ಫೋನ್ ಬರುತ್ತೆ, ಫ್ಲೋರ್ ಇನ್‌ಚಾರ್ಜ್ ಬೈತಾನೆ, ಅದನ್ನೂ ಹಾಕೋಣ ಅಂತ. ಅಲ್ಲಿಂದ ಏಣಿ ಹಾಡು ಹುಟ್ಟಿತು, ಹೆಲ್ಪರ್‌ಗೆ ಟೈಲರ್ ಬೈತಾಳೆ, ಟೈಲರ್‌ಗೆ ಸೂಪರ್‌ವೈಸರ್, ಅವನಿಗೆ ಇನ್‌ಚಾರ್ಜ್, ಅವನಿಗೆ ಮ್ಯಾನೇಜರ್, ಮ್ಯಾನೇಜರ್‌ಗೆ ಮಾಲೀಕ, ಮಾಲೀಕಂಗೆ ಫಾರಿನ್ ಬಯ್ಯರ್. ಪ್ರತಿ ಸಾಲಿಗೂ ಒಂದು ಮೆಟ್ಟಿಲು ಜಾಸ್ತಿ ಆಗ್ತಾ ಹೋಗುತ್ತೆ, ತುದೀಲಿ ಅಂಗಡೀಲಿ ನೇತಾಕಿರೋ ಒಂದು ಶರ್ಟು, ಅದರ ಮೇಲೆ ರೇಟ್ ಚೀಟಿ. ಎರಡು ತಿಂಗಳು ಯೋಚ್ನೆ ಮಾಡಿದ್ರೂ ಇದು ನನಗೆ ಹೊಳೀತಿರ್ಲಿಲ್ಲ. ನಾನು ಸೂಪರ್‌ವೈಸರನ್ನೇ ವಿಲನ್ ಮಾಡಿ ನಾಟಕ ಮುಗಿಸ್ತಿದ್ದೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಭಯ. ಮೊಬೈಲಲ್ಲಿ ವಿಡಿಯೋ ಮಾಡ್ತಾರೆ, ವಾಟ್ಸಾಪಲ್ಲಿ ಹೋಗುತ್ತೆ, ಸೋಮವಾರ ಗೇಟಲ್ಲೇ ನಿಲ್ಸಿ ಕಳಿಸ್ತಾರೆ ಅಂತ. ಇದು ಸುಮ್ನೆ ಹೆದರಿಕೆ ಅಲ್ಲ, ಆ ವರ್ಷ ಎಷ್ಟೋ ಫ್ಯಾಕ್ಟರಿ ಜನರನ್ನ ಕಮ್ಮಿ ಮಾಡೋಕೆ ನೆಪ ಹುಡುಕ್ತಿದ್ವು. ಮುಂದೆ ಬಂದು ನಿಲ್ಲಿ ಅನ್ನೋ ಹಕ್ಕು ನನಗಿಲ್ಲ ಅಂತ ನನಗೆ ಸ್ಪಷ್ಟ ಇತ್ತು, ಕೆಲಸ ಹೋದ್ರೆ ಅವ್ರ ಬಾಡಿಗೆ ನಾನು ಕಟ್ಟಲ್ಲ. ಆಗ ನಾನು ಓದಿದ್ದ ಒಂದು ಹಳೇ ಘಟನೆ ಅವ್ರಿಗೆ ಹೇಳ್ದೆ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ, ಕೆಲಸ ಇಲ್ದೇ ಇರೋ ನಾಟಕದೋರಿಗೆ ಸರ್ಕಾರನೇ ಸಂಬಳ ಕೊಡ್ತಿದ್ದ ಒಂದು ಯೋಜನೆ ಇತ್ತು. ಅದರಲ್ಲಿ ಮಾರ್ಕ್ ಬ್ಲಿಟ್ಜ್‌ಸ್ಟೈನ್ ಅನ್ನೋರು ಬರೆದ, ಉಕ್ಕಿನ ಕಾರ್ಮಿಕರ ಸಂಘದ ಮೇಲಿನ ಸಂಗೀತ ನಾಟಕ ‘ದಿ ಕ್ರೇಡಲ್ ವಿಲ್ ರಾಕ್’, ಆರ್ಸನ್ ವೆಲ್ಸ್ ನಿರ್ದೇಶನ. 1937ರ ಜೂನ್ 16ಕ್ಕೆ ನ್ಯೂಯಾರ್ಕಲ್ಲಿ ಶೋ, ಆದ್ರೆ ಥಿಯೇಟರಿಗೆ ಬೀಗ ಹಾಕಿಬಿಟ್ರು. ತಂಡದೋರು ಬೇರೆ ಥಿಯೇಟರ್ ಹಿಡಿದು ಪ್ರೇಕ್ಷಕರನ್ನ ಅಲ್ಲಿಗೆ ನಡೆಸ್ಕೊಂಡು ಹೋದ್ರು. ನಟರ ಯೂನಿಯನ್ನು ಸ್ಟೇಜ್ ಹತ್ತಬಾರ್ದು ಅಂದಿತ್ತು, ಅದಕ್ಕೇ ಬ್ಲಿಟ್ಜ್‌ಸ್ಟೈನ್ ಒಬ್ರೇ ಸ್ಟೇಜ್ ಮೇಲೆ ಪಿಯಾನೋ ಮುಂದೆ ಕೂತು ಶುರು ಮಾಡಿದ್ರು. ಆಗ ಪ್ರೇಕ್ಷಕರ ನಡುವಿಂದ ಆಲಿವ್ ಸ್ಟಾಂಟನ್ ಅನ್ನೋ ನಟಿ ಕೂತಲ್ಲೇ ಎದ್ದು ನಿಂತು ತನ್ನ ಹಾಡು ಎತ್ತಿದ್ರು, ಆಕೆಯೂ ಆ ಸರ್ಕಾರಿ ಸಂಬಳದ ಮೇಲೆ ಬದುಕ್ತಿದ್ದೋರೇ. ಆಮೇಲೆ ಒಬ್ಬೊಬ್ರೇ ಅಲ್ಲಲ್ಲೇ ಎದ್ದು ಹಾಡಿ ನಾಟಕ ಮುಗಿಸಿದ್ರು. ಅದೇ ವರ್ಷ ನವೆಂಬರಲ್ಲಿ ಅದೇ ಊರಲ್ಲಿ ಬಟ್ಟೆ ಹೊಲಿಯೋರ ಯೂನಿಯನ್ ಒಂದು ಹಾಡಿನ ಶೋ ಮಾಡ್ತು, ಹೆಸರು ‘ಪಿನ್ಸ್ ಅಂಡ್ ನೀಡಲ್ಸ್’, ಅದ್ರಲ್ಲಿದ್ದೋರು ಕಟಿಂಗು, ಹೊಲಿಗೆ ಮಾಡೋ ಕಾರ್ಮಿಕರೇ, ಕೆಲಸ ಮುಗಿಸಿ ರಾತ್ರಿ ರಿಹರ್ಸಲ್ ಮಾಡ್ತಿದ್ರು. ಸಾವಿರದ ನೂರಕ್ಕೂ ಜಾಸ್ತಿ ಶೋ ಆಯ್ತು.

ಹೊಲಿಯೋರೇನಾ, ಅಂತ ಕಾಲರ್ ಅಕ್ಕ ಮತ್ತೆ ಮತ್ತೆ ಕೇಳಿದ್ರು. ಚೆಕಿಂಗ್ ಅಕ್ಕ ಮಾತ್ರ ಬೇರೆ ಕಡೆ ನೋಡ್ತಾ, ಜನಗಳ ಮಧ್ಯೆ ಎದ್ದು ಹಾಡಿದ್ರೆ ನಾಟಕದೋಳು ಯಾರು, ನೋಡೋಕೆ ಬಂದೋಳು ಯಾರು ಗೊತ್ತಾಗಲ್ಲ ಅಲ್ವಾ ಅಂದ್ರು. ನಮ್ಮ ನಾಟಕದ ರೂಪ ಆ ಮಾತಲ್ಲೇ ತೀರ್ಮಾನ ಆಯ್ತು. ನಡುವೆ ಕಾಣೋ ಜಾಗದಲ್ಲಿ ನಾನು ಮತ್ತೆ ಗಾರ್ಮೆಂಟ್ಸಲ್ಲಿ ಕೆಲಸ ಮಾಡ್ದೇ ಇರೋ ಇಬ್ರು ಗೆಳತಿಯರು, ಡಪ್ಪು ನನ್ನ ಕೈಲಿ. ಅಕ್ಕಂದಿರೆಲ್ಲ ಜನರ ಮಧ್ಯೆ, ಕೈಯಲ್ಲಿ ಮಗು, ಬ್ಯಾಗು, ತರಕಾರಿ. ಮುಖಕ್ಕೆ ಮಾಸ್ಕ್ ಅಂತೂ ಆಗ ಎಲ್ರಿಗೂ ಇತ್ತು. ಮುಂದೆ ಕೂತು ಮಾಡೋ ಮಷೀನ್ ಶಬ್ದದ ದೃಶ್ಯನೂ ಜನರ ನಡುವೆ ಚದುರಿಸಿದ್ವಿ, ಎಂಟು ಕಡೆಯಿಂದ ಝರ್ರ್ ಅಂತ ಬರೋ ಹಾಗೆ. ಸೂಪರ್‌ವೈಸರ್ ಪಾರ್ಟನ್ನ ಹುಡುಗಿಯಿಂದ ಕಲಿತು ನನ್ನ ಗೆಳತಿ ಒಬ್ಬಳು ಮಾಡಿದ್ಳು, ಹುಡುಗಿಗೆ ಅದು ಬೇಜಾರಾಯ್ತು, ನನಗೂ. ಆದ್ರೆ ಅವಳ ಕೆಲಸ ಉಳೀಬೇಕಿತ್ತು.

ಮೊದಲ ಶೋ ಅಕ್ಟೋಬರಲ್ಲಿ ಒಂದು ಭಾನುವಾರ, ವಠಾರದ ಗಲ್ಲಿ ಕೊನೇಲಿ, ನೀರಿನ ಟ್ಯಾಂಕ್ ಪಕ್ಕ. ನಲವತ್ತು ಐವತ್ತು ಜನ ಸೇರಿದ್ರು. ಝರ್ರ್ ಶಬ್ದ ಎಲ್ಲಿಂದ ಬರ್ತಿದೆ ಅಂತ ಜನ ತಿರುಗಿ ತಿರುಗಿ ನೋಡಿದ್ರು. ಡಪ್ಪು ನಿಲ್ಸಿದೆ. ಈಗ ಚೆಕಿಂಗ್ ಅಕ್ಕ ಎತ್ತಬೇಕು. ಅವ್ರು ಎತ್ತಲಿಲ್ಲ. ನನಗೆ ಅವ್ರು ಕಾಣಿಸ್ತಿದ್ರು, ಮಾಸ್ಕ್ ಮೇಲಿನ ಕಣ್ಣು, ಒಂದು ಕೈಲಿ ಸೊಪ್ಪಿನ ಕಟ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರು. ನಾನು ಎತ್ತಿಬಿಡ್ಲಾ ಅಂತ ಬಾಯಿ ತನಕ ಬಂತು, ತಡ್ಕೊಂಡೆ. ಎಷ್ಟೊತ್ತು ಆಯ್ತೋ, ಒಂದು ಬೈಕ್ ಬಂದು ಹಾರ್ನ್ ಹೊಡ್ದು ಜನರನ್ನ ಸರಿಸ್ಕೊಂಡು ಹೋಯ್ತು. ಆ ಬೈಕ್ ಸದ್ದು ಮುಗಿಯೋ ಮೊದ್ಲೇ ನಾನೂರ ಹದಿನೇಳು ಅಂತ ದನಿ ಬಂತು, ರಿಹರ್ಸಲ್‌ಗಿಂತ ಇನ್ನೂ ಕೆಳಗಿನ ಶ್ರುತೀಲಿ. ಪಕ್ಕದಲ್ಲಿದ್ದೋರು ಸರಿದು ಅವ್ರನ್ನ ನೋಡಿದ್ರು. ಬಾಗಲಕೋಟೆ ಅಕ್ಕ ಆ ಕಡೆಯಿಂದ ಹಿಡಿದ್ರು. ಮೂರನೇ ಸಾಲಿಗೆ ನಮ್ಮ ತಂಡದಲ್ಲಿ ಇಲ್ಲದ ಒಬ್ಬ ಹೆಂಗಸು, ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಬಾಗಿಲಲ್ಲಿ ನಿಂತೋರು, ಎಲ್ಲೋಯ್ತು ಅಂತ ಸೇರಿಸಿದ್ರು.

ಫೆಬ್ರವರಿ ಒಳಗೆ ಒಂಬತ್ತು ಶೋ ಮಾಡಿದ್ವಿ, ರೇಷನ್ ಅಂಗಡಿ ಮುಂದೆ, ದೇವಸ್ಥಾನದ ಕಟ್ಟೆ, ವಠಾರದ ಅಂಗಳಗಳಲ್ಲಿ. ಕೊನೇಲಿ ಟವೆಲ್ ಹಾಸ್ತಿದ್ವಿ, ಬಂದ ದುಡ್ಡು ಟೀ ಮತ್ತೆ ಆಟೋಗೆ ಸರಿಯಾಗ್ತಿತ್ತು, ಅದರ ಲೆಕ್ಕ ಕಾಲರ್ ಅಕ್ಕನ ಪುಸ್ತಕದಲ್ಲಿ. ಎಲ್ಲ ಶೋ ಚೆನ್ನಾಗಾಗಲಿಲ್ಲ, ಒಂದು ಕಡೆ ಕುಡ್ದೋರು ಗಲಾಟೆ ಮಾಡಿ ನಿಲ್ಸಬೇಕಾಯ್ತು. ಒಬ್ರ ಗಂಡ ಮೊದ್ಲು ಜಗಳ ಆಡಿದ್ರು, ಆಮೇಲೆ ಅವ್ರೇ ಡಪ್ಪು ಹೊತ್ಕೊಂಡು ಬರ್ತಿದ್ರು. ಕೆಲಸ ಮಾತ್ರ ಯಾರದ್ದೂ ಹೋಗ್ಲಿಲ್ಲ, ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ ಅದು.

2022ರ ಶುರುವಲ್ಲಿ ಯೂನಿಯನ್‌ಗಳ ಹೋರಾಟ, ಫಾರಿನ್ ಬ್ರ್ಯಾಂಡ್‌ಗಳ ಮೇಲಿನ ಒತ್ತಡ ಎಲ್ಲ ಸೇರಿ ದೊಡ್ಡ ಫ್ಯಾಕ್ಟರಿಗಳು ಆ ಬಾಕಿ ಡಿಎ ಕೊಡೋಕೆ ಒಪ್ಪಿದ್ವು. ನಮ್ಮಲ್ಲಿ ಐದು ಜನಕ್ಕೆ ಮೊದಲ ಕಂತು ಬಂತು. ಆ ಭಾನುವಾರ ಟೆರೇಸ್ ಮೇಲೆ ಕೇಸರಿಬಾತು. ನಾನು, ಇನ್ನು ಈ ಹಾಡು ಬೇಡ ಅಲ್ವಾ, ಹೊಸದು ಕಟ್ಟೋಣ ಅಂದೆ. ಚೆಕಿಂಗ್ ಅಕ್ಕ ಪ್ಲೇಟ್ ಕೆಳಗಿಟ್ಟು, ಬೇಡ ಯಾಕೆ ಪುಟ್ಟಿ ಅಂದ್ರು, ಮೇಡಂ ಅನ್ನೋದು ಯಾವಾಗ್ಲೋ ನಿಂತಿತ್ತು, ಎರಡು ವರ್ಷ ನಾನು ಅವ್ರ ಹತ್ರ ಇವ್ರ ಹತ್ರ ಸಾಲ ತಂದೆನಲ್ಲ, ಅದಕ್ಕೆ ನೂರಕ್ಕೆ ಐದು ರೂಪಾಯಿ ಕಟ್ಟಿದ್ದೀನಿ, ಅದನ್ನ ಯಾರು ಕೊಡ್ತಾರೆ. ಅಲ್ಲೇ ಕೂತು ಅವ್ರೇ ಒಂದು ಸಾಲು ಸೇರಿಸಿದ್ರು, ಈಗ ಹಾಡು ಅದರಿಂದಾನೇ ಶುರು ಆಗುತ್ತೆ:

ಬಾಕಿ ಬಂತು ತಾಯಿ, ಬಡ್ಡಿ ಎಲ್ಲೋಯ್ತು